ಜಪಾನಿನ ನನ್ನ ವಿದ್ಯಾರ್ಥಿಗಳು ಮೂರೇ ಸಾಲು ಬರೆದು ಪೆನ್ ಕೆಳಗಿಡುತ್ತಾರೆ. ಎಂಥ ಪ್ರಶ್ನೆ ಕೊಡಲಿ?

ಪ್ರಶ್ನೆ: ನಾನು ಶಿವಮೊಗ್ಗದವಳು. ಊರಲ್ಲಿ ಆರು ವರ್ಷ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೆ. ಮನೆಯವರ ಕೆಲಸದ ಸಲುವಾಗಿ ನಗೋಯಾಕ್ಕೆ ಬಂದು ನಾಲ್ಕು ವರ್ಷವಾಯಿತು. ಈ ಏಪ್ರಿಲ್‌ನಿಂದ ಇಲ್ಲಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವರಿಗೆ ವಾರಕ್ಕೆ 4 ಇಂಗ್ಲಿಷ್ ಬರವಣಿಗೆ ಕ್ಲಾಸ್ ತೆಗೆದುಕೊಳ್ಳುತ್ತಿದ್ದೇನೆ. ಒಂದೊಂದರಲ್ಲೂ 30 ಜನ. ಮಾತಾಡಿದ ಹಾಗೆ ಸಲೀಸಾಗಿ ಬರೆಯುವುದನ್ನು ಕಲಿಸಿ ಅಂತ ವಿಭಾಗದವರು ಹೇಳಿದ್ದಾರೆ. ‘ನಿಮ್ಮ ಹವ್ಯಾಸ’ ಅಂತ ಕೊಟ್ಟೆ. ಅರ್ಧಕ್ಕರ್ಧ ಜನ ‘ಸಂಗೀತ ಕೇಳುವುದು’ ಅಂತ ಬರೆದು ಮೂರನೇ ಸಾಲಿಗೆ ಪೆನ್ ಕೆಳಗಿಟ್ಟರು. ‘ಹವಾಮಾನ ಬದಲಾವಣೆ ಬಗ್ಗೆ ನಿಮ್ಮ ಅಭಿಪ್ರಾಯ’ ಅಂತ ಕೊಟ್ಟರೆ ಒಬ್ಬರೂ ತಲೆ ಎತ್ತಲಿಲ್ಲ. ಮನೆಯಲ್ಲಿ ಬರೆದು ತನ್ನಿ ಅಂದರೆ ಒಂದು ತಪ್ಪೂ ಇಲ್ಲದ, ಮೆಷಿನ್ ಬರೆದಂತಿರುವ ಇಂಗ್ಲಿಷ್ ಬರುತ್ತದೆ. ನಾನು ಪ್ರತಿ ತಪ್ಪನ್ನೂ ತಿದ್ದುತ್ತೇನೆ. ಚೆನ್ನಾಗಿರುವ ಸಾಲಿನ ಪಕ್ಕ ರೈಟ್ ಮಾರ್ಕ್ ಹಾಕುತ್ತೇನೆ. ಶನಿವಾರ, ಭಾನುವಾರ ಅದಕ್ಕೇ ಸರಿಹೋಗುತ್ತದೆ. ‘ಜಪಾನಿನವರಿಗೆ ನಾಚಿಕೆ ಜಾಸ್ತಿ, ಅಭಿಪ್ರಾಯ ಹೇಳುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ’ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಕಳೆದ ವಾರ ‘ನನ್ನ ವಾರಾಂತ್ಯ’ ಅಂತ ಕೊಟ್ಟಾಗ ಒಬ್ಬ ಹುಡುಗಿ, ಎರಡು ವಾರದಿಂದ ಯಾರ ಜೊತೆಗೂ ಮಾತಾಡಿಲ್ಲ ಅಂತ ಬರೆದಿದ್ದಳು. ಏನು ಹೇಳಬೇಕೋ ತಿಳಿಯದೆ ವ್ಯಾಕರಣ ತಿದ್ದಿ ವಾಪಸ್ ಕೊಟ್ಟೆ. ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಎಂಥ ಪ್ರಶ್ನೆ ಕೊಟ್ಟರೆ ಇವರು ಬರೆಯುತ್ತಾರೆ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿರುವುದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದದ್ದೆಲ್ಲ ಒಂದು ವಾರ ಕಾಯುತ್ತದೆ. ಆ ಹುಡುಗಿಯ ವಿಷಯ ಕಾಯುವುದಿಲ್ಲ.

ನಿಮ್ಮ ಪತ್ರ ಬಂದಿರುವುದು ಮೇ ಮೂರನೇ ವಾರದಲ್ಲಿ. ಜಪಾನಿನಲ್ಲಿ ಈ ಹೊತ್ತಿನ ಮಂಕುತನಕ್ಕೆ ಒಂದು ಹೆಸರೇ ಇದೆ: ಗೊಗಾತ್ಸು ಬ್ಯೋ, ಅಂದರೆ ಮೇ ತಿಂಗಳ ಕಾಯಿಲೆ. ಡಾಕ್ಟರು ಬರೆದುಕೊಡುವ ಹೆಸರಲ್ಲ, ಜನ ಇಟ್ಟ ಹೆಸರು. ಏಪ್ರಿಲ್‌ನಲ್ಲಿ ಹೊಸ ಕಾಲೇಜು, ಹೊಸ ಊರು, ಒಬ್ಬರೇ ಇರುವ ಪುಟ್ಟ ಕೋಣೆ. ತಿಂಗಳ ಕೊನೆಗೆ ಗೋಲ್ಡನ್ ವೀಕ್ ರಜೆ. ರಜೆ ಮುಗಿಯುವಷ್ಟರಲ್ಲಿ ಮೊದಲಿನ ಹುಮ್ಮಸ್ಸು ಇಳಿದಿರುತ್ತದೆ, ಗೆಳೆಯರು ಇನ್ನೂ ಸಿಕ್ಕಿರುವುದಿಲ್ಲ. ಇಂಥ ಸಾಲು ನನ್ನ ಕೈಗೂ ಬಹುತೇಕ ಪ್ರತಿ ಮೇ ತಿಂಗಳಲ್ಲಿ ಬಂದಿದೆ.

ಮುಂದಿನ ಕ್ಲಾಸಿಗೆ ಮುಂಚೆ ಅವಳಿಗೊಂದು ಚೀಟಿ ಬರೆಯಿರಿ. ‘ನೀನು ಬರೆದದ್ದನ್ನು ಮತ್ತೆ ಓದಿದೆ. ವ್ಯಾಕರಣದ ಬಗ್ಗೆ ಮಾತ್ರ ಬರೆದಿದ್ದೆ, ಕ್ಷಮಿಸು. ಹೇಗಿದ್ದೀಯ?’ ಇಷ್ಟು ಸಾಕು. ಎಲ್ಲರೆದುರು ಕರೆದು ಕೇಳಬೇಡಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ, ಆಮೇಲೆ ಉಳಿಸಿಕೊಳ್ಳಲು ಆಗದೇ ಹೋಗಬಹುದು. ನಿಮ್ಮಲ್ಲಿ ಗಾಕುಸೇ ಸೋದಾನ್‌ಶಿತ್ಸು, ಅಂದರೆ ವಿದ್ಯಾರ್ಥಿಗಳ ಸಲಹಾ ಕೊಠಡಿ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂದು ಮೊದಲೇ ನೋಡಿಕೊಂಡಿರಿ. ಕೋರ್ಸಿನ ಹೊಣೆ ಹೊತ್ತ ಪೂರ್ಣಾವಧಿ ಅಧ್ಯಾಪಕರ ಕಿವಿಗೂ ಹಾಕಿ. ಬದುಕುವುದು ಬೇಡ ಎನ್ನುವ ಅರ್ಥದ ಮಾತು ಎಲ್ಲಾದರೂ ಕಂಡರೆ ಚೀಟಿ ಬರೆಯುತ್ತಾ ಕೂರಬೇಡಿ, ಅವತ್ತೇ ಹೋಗಿ ತಿಳಿಸಿ. ಅವಳ ಮನಸ್ಸಿನಲ್ಲಿ ಏನಿದೆ ಎಂದು ಕಂಡುಹಿಡಿಯುವುದು ನಿಮ್ಮ ಕೆಲಸವಲ್ಲ. ಓದಿದೆ ಎಂದು ಅವಳಿಗೆ ತಿಳಿಸುವುದು ನಿಮ್ಮ ಕೆಲಸ.

ವ್ಯಾಕರಣ ತಿದ್ದಿ ಕೊಟ್ಟೆ ಎಂದು ಕೊರಗಬೇಡಿ. ಜಪಾನಿನಲ್ಲೇ, ಒಸಾಕಾ, ಕ್ಯೋಟೊ ಇರುವ ಕನ್ಸೈ ಭಾಗದಲ್ಲಿ ನಾನು ಪಾಠ ಶುರು ಮಾಡಿದ ಮೊದಲ ವರ್ಷ, ಒಬ್ಬ ಹುಡುಗ ತನ್ನ ಅಜ್ಜ ತೀರಿಕೊಂಡ ಬಗ್ಗೆ ಬರೆದಿದ್ದ. ‘ಡೆಡ್’ ಅಂತ ಬರೆದ ಕಡೆ ‘ಡೈಡ್’ ಆಗಬೇಕು ಎಂದು ತಿದ್ದಿ, ಕೆಳಗೆ ‘ಗುಡ್’ ಅಂತ ಬರೆದು ಕೊಟ್ಟಿದ್ದೆ. ಇಪ್ಪತ್ತು ವರ್ಷದ ಮೇಲಾಯಿತು. ಆ ಹಾಳೆ ಇನ್ನೂ ಕಣ್ಣ ಮುಂದಿದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಎಂಥ ವಿಷಯ ಕೊಡಲಿ ಎಂದು ಕೇಳಿದ್ದೀರಿ. ವಿಷಯಕ್ಕಿಂತ ಮುಂಚಿನ ಪ್ರಶ್ನೆ ಒಂದಿದೆ: ಇವರು ಬರೆಯುತ್ತಿರುವುದು ಯಾರಿಗೆ? ಆ ಹುಡುಗಿ ನಿಮಗೆ ಬರೆದಳು. ಉಳಿದ 29 ಜನ ನಿಮ್ಮ ಕೆಂಪು ಪೆನ್ನಿಗೆ ಬರೆದರು. ಪೆನ್ನಿಗೆ ಬರೆಯುವವರು ಮೂರು ಸಾಲು ಬರೆಯುವುದೇ ಜಾಣತನ. ಸಾಲು ಹೆಚ್ಚಾದಷ್ಟೂ ತಪ್ಪು ಹೆಚ್ಚು, ಅಲ್ವಾ?

ಸಹೋದ್ಯೋಗಿ ಹೇಳಿದ ನಾಚಿಕೆಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದು ಪ್ರಯೋಗ ಮಾಡಿ ನೋಡಿ. ಮೇಜಿ ಕಂಪನಿಯ ಎರಡು ಚಾಕೊಲೇಟ್ ತಿಂಡಿಗಳಿವೆ. ಕಿನೊಕೊ ನೊ ಯಾಮಾ 1975ರಲ್ಲಿ ಬಂದದ್ದು, ಅಣಬೆಯ ಆಕಾರ. ತಾಕೆನೊಕೊ ನೊ ಸಾತೊ 1979ರದ್ದು, ಬಿದಿರು ಕಳಲೆಯ ಆಕಾರ. ಯಾವುದು ರುಚಿ ಎಂದು ದೇಶವೇ ಎರಡು ಪಕ್ಷವಾಗಿ ತಮಾಷೆಗೆ ಜಗಳವಾಡುತ್ತದೆ. ‘ನೀವು ಯಾವ ಕಡೆ? ಎದುರು ಪಕ್ಷದವರನ್ನು ಒಪ್ಪಿಸಿ’ ಎಂದು ಬೋರ್ಡ್ ಮೇಲೆ ಬರೆಯಿರಿ. ಹವಾಮಾನದ ಬಗ್ಗೆ ಬಾಯಿ ಬಿಡದವರು ಇಲ್ಲಿ ಹಾಳೆ ತಿರುಗಿಸಿ ಬರೆಯುತ್ತಾರೆ. ಕರಿದ ಮೊಟ್ಟೆಗೆ ಸೋಯಾ ಸಾಸೋ ಉಪ್ಪೋ, ತಮಾಗೊಯಾಕಿ, ಅಂದರೆ ಸುರುಳಿ ಸುತ್ತಿದ ಆಮ್ಲೆಟ್, ಸಿಹಿ ಇರಬೇಕೋ ಬೇಡವೋ ಎಂದು ಕೇಳಿದರೂ ಅಷ್ಟೇ. ನಮ್ಮಲ್ಲಿ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಬೇಕೋ ಪಕ್ಕದಲ್ಲಿ ಇಟ್ಟುಕೊಳ್ಳಬೇಕೋ ಎಂದು ಕೇಳಿದ ಹಾಗೆ. ಅಭಿಪ್ರಾಯ ಇವರಿಗೂ ಬೇಕಾದಷ್ಟಿದೆ. ಹವಾಮಾನದ ಪ್ರಶ್ನೆಯಲ್ಲಿ ಅಭಿಪ್ರಾಯದ ಜೊತೆಗೆ ಮಾಹಿತಿ, ಕಷ್ಟದ ಪದಗಳು, ಪಕ್ಕದವರು ಏನೆಂದುಕೊಂಡಾರೋ ಎನ್ನುವ ಅಳುಕು, ಎಲ್ಲವನ್ನೂ ಒಟ್ಟಿಗೆ ಹೊರಬೇಕು. ಶಿವಮೊಗ್ಗದ ಮೊದಲ ವರ್ಷದ ಬಿ.ಎ. ಹುಡುಗರನ್ನು ಇಂಗ್ಲಿಷಿನಲ್ಲಿ ಹಾಗೆ ಕೇಳಿದ್ದರೆ ಅವರೂ ನೆಲ ನೋಡುತ್ತಿದ್ದರು.

ಇನ್ನೊಂದು ತಪ್ಪು ಲೆಕ್ಕಾಚಾರ ನಾವೆಲ್ಲ ಮಾಡುತ್ತೇವೆ. ಮಿಡ್ಲ್ ಸ್ಕೂಲ್ ಮೂರು ವರ್ಷ, ಹೈಸ್ಕೂಲ್ ಮೂರು ವರ್ಷ, ಅದಕ್ಕೂ ಮುಂಚೆ ಪ್ರೈಮರಿಯಲ್ಲಿ ಆಟದ ಹಾಗೆ ಒಂದಿಷ್ಟು. ಇಷ್ಟು ಇಂಗ್ಲಿಷ್ ಕಲಿತವರಿಗೆ ಒಂದು ಪುಟ ಬರೆಯಲು ಬಾರದೇ ಎಂದುಕೊಳ್ಳುತ್ತೇವೆ. ಆದರೆ ಅವರು ಕಲಿತದ್ದು ಬೇರೆ ಕೆಲಸ. ಯಾಕುದೊಕು ಎನ್ನುವ ಹಳೆಯ ಪದ್ಧತಿ ಇದೆ. ಇಂಗ್ಲಿಷ್ ವಾಕ್ಯವನ್ನು ಪದಪದವಾಗಿ ಬಿಡಿಸಿ, ಜಪಾನಿ ಕ್ರಮಕ್ಕೆ ತಿರುಗಿಸಿ, ಅರ್ಥ ಮಾಡಿಕೊಳ್ಳುವುದು. ಹಿಂದಿನವರು ಚೀನೀ ಗ್ರಂಥಗಳಿಗೆ ಗುರುತು ಹಾಕಿಕೊಂಡು ಜಪಾನಿಯಾಗಿ ಓದುತ್ತಿದ್ದರಲ್ಲ, ಅದರ ಮೊಮ್ಮಗು ಇದು. ಈಗ ಎಷ್ಟೋ ಬದಲಾಗಿದೆ, ಆದರೂ ಪರೀಕ್ಷೆಯ ನೆರಳು ಹೋಗಿಲ್ಲ. 2021ರಿಂದ ನಡೆಯುತ್ತಿರುವ ಕಾಮನ್ ಟೆಸ್ಟ್ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಓದಿಗೆ 100 ಅಂಕ, ಕೇಳುವುದಕ್ಕೆ 100. ಎಲ್ಲವೂ ಉತ್ತರ ಆರಿಸಿ ಗುರುತು ತುಂಬುವುದು. ಸ್ವಂತವಾಗಿ ಒಂದು ಸಾಲೂ ಬರೆಯಬೇಕಿಲ್ಲ. ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ಪರೀಕ್ಷೆಯಲ್ಲಿ ಬರೆಸುತ್ತವೆ. ಖಾಸಗಿ ವಿಶ್ವವಿದ್ಯಾಲಯಕ್ಕೆ ಶಿಫಾರಸಿನ ಮೇಲೆ ಬಂದ ಬಹಳ ಜನ ಅಂಥ ಪರೀಕ್ಷೆಯ ಮುಖ ನೋಡಿರುವುದಿಲ್ಲ.

ಜಪಾನಿಯಲ್ಲಿ ಬರೆದು ಅಭ್ಯಾಸವಿದೆ, ಅದು ನಿಜ. 400 ಚೌಕಗಳ ಗೆಂಕೋ ಯೋಶಿ ಹಾಳೆ ಎಲ್ಲರೂ ತುಂಬಿಸಿದ್ದಾರೆ. ಬೇಸಿಗೆ ರಜೆಯಲ್ಲಿ ಪುಸ್ತಕ ಓದಿ ಕನ್ಸೋಬುನ್ ಎನ್ನುವ ಅನಿಸಿಕೆ ಬರೆಯುವುದು ಮನೆಗೆಲಸ. ಅದರ ಕೊನೆಗೆ ಬಹುತೇಕ ಒಂದೇ ರಾಗ: ಇನ್ನು ಮುಂದೆ ಇನ್ನಷ್ಟು ಶ್ರಮ ಪಡುತ್ತೇನೆ. ಗಂಬಾರಿತಾಯ್. ನಿಮ್ಮ ವಿದ್ಯಾರ್ಥಿಗಳ ಹಾಳೆ ತೆಗೆದು ನೋಡಿ. ‘ಐ ವಾಂಟ್ ಟು ಡು ಮೈ ಬೆಸ್ಟ್’ ಎಂದು ಮುಗಿದಿರುವವು ಎಷ್ಟಿವೆ? ಅದು ಅಧ್ಯಾಪಕರಿಗೆ ಕೈಮುಗಿದು ಹೊರಡುವ ಸಾಲು. ಅದಾದ ಮೇಲೆ ಮಾತು ಮುಂದುವರಿಯುವುದಿಲ್ಲ. ನನ್ನ ಕ್ಲಾಸಿನಲ್ಲಿ ಇದೊಂದಕ್ಕೆ ಮಾತ್ರ ನಿಷೇಧ ಹಾಕಿದ್ದೆ. ಕೊನೆಯ ಸಾಲು ಓದುವವರಿಗೆ ಒಂದು ಪ್ರಶ್ನೆಯಾಗಿರಬೇಕು. ಈ ಸಣ್ಣ ನಿಯಮದಿಂದ ಆದಷ್ಟು ಬದಲಾವಣೆ ದೊಡ್ಡ ಪಠ್ಯಪುಸ್ತಕಗಳಿಂದ ನನಗೆ ಆಗಲಿಲ್ಲ.

ನಿಮ್ಮ ಕಷ್ಟ ಹೊಸದಲ್ಲ. 1890ರಲ್ಲಿ ಲಾಫ್ಕಾಡಿಯೊ ಹರ್ನ್ ಎಂಬ ಬರಹಗಾರ ಮತ್ಸುಯೆ ಊರಿನ ಶಾಲೆಗೆ ಇಂಗ್ಲಿಷ್ ಕಲಿಸಲು ಹೋದ. ಮುಂದೆ ಕೊಇಜುಮಿ ಯಾಕುಮೊ ಎಂದು ಹೆಸರು ಬದಲಿಸಿಕೊಂಡು ಅಲ್ಲಿಯವನೇ ಆದ. ಹುಡುಗರ ಪ್ರಬಂಧಗಳೆಲ್ಲ ಒಂದೇ ಮನೆಯ ಮಕ್ಕಳ ಹಾಗೆ ಹೋಲುತ್ತವೆ ಎಂದು ಅವನಿಗೂ ಅನ್ನಿಸಿತ್ತು. ಹೂವು, ಬೆಟ್ಟದಂಥ ವಿಷಯ ಕೊಟ್ಟರೆ ಎಲ್ಲರ ಉಪಮೆಯೂ ಒಂದೇ. ಒಮ್ಮೆ, ಮನುಷ್ಯರು ಯಾವುದನ್ನು ಬಹಳ ಕಾಲ ನೆನಪಿಟ್ಟುಕೊಳ್ಳುತ್ತಾರೆ ಎಂದು ಕೇಳಿದ. ಆಗ ಬಂದ ಉತ್ತರಗಳಲ್ಲಿ ಒಬ್ಬ ಹುಡುಗ ತಾನು ಚಿಕ್ಕವನಿದ್ದಾಗ ತಾಯಿ ತೀರಿಕೊಂಡ ಚಳಿಗಾಲದ ದಿನವನ್ನು ಬರೆದ. ಸಾಲುಗಳು ಸರಳ, ಓದಿದರೆ ಗಂಟಲು ಕಟ್ಟುತ್ತದೆ. ನನಗೆ ಇದರಲ್ಲಿ ಎರಡು ಸಂಗತಿ ಕಾಣುತ್ತವೆ. ಒಳ್ಳೆಯ ಪ್ರಶ್ನೆ ಬಾಗಿಲು ತೆರೆಯುತ್ತದೆ. ತೆರೆದ ಬಾಗಿಲಿನಿಂದ ಏನು ಹೊರಗೆ ಬಂದೀತು ಎಂದು ಕೇಳಿದವರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಒಳ್ಳೆಯ ಪ್ರಶ್ನೆ ಯಾವುದು? ನನ್ನ ಅನುಭವದಲ್ಲಿ ಅದು ಚಿಕ್ಕದಾಗಿರುತ್ತದೆ, ಉತ್ತರ ಪಕ್ಕದವರಿಗೆ ಗೊತ್ತಿರುವುದಿಲ್ಲ, ಓದಿದವರಿಗೆ ಇನ್ನೊಂದು ಮಾತು ಕೇಳೋಣ ಅನ್ನಿಸುತ್ತದೆ. ‘ಹವ್ಯಾಸ’ ಎನ್ನುವುದು ಫಾರಂ ತುಂಬಿಸುವಾಗ ಕೇಳುವ ಪ್ರಶ್ನೆ. ಅದಕ್ಕೆ ಬದಲು, ‘ಈ ವಾರ ಎರಡಕ್ಕಿಂತ ಜಾಸ್ತಿ ಸಲ ಕೇಳಿದ ಹಾಡು ಯಾವುದು? ಕೇಳುವಾಗ ಎಲ್ಲಿದ್ದಿರಿ?’ ಎಂದು ಕೇಳಿ. ಸಂಗೀತ ಕೇಳುವ ಅದೇ ಹುಡುಗ ಈಗ ಮೆಯ್ತೆತ್ಸು ರೈಲಿನಲ್ಲಿ ನಿಂತಿದ್ದಾನೆ, ಮಳೆ ಬರುತ್ತಿದೆ, ಕೊಡೆ ಮರೆತಿದ್ದಾನೆ. ಬರೆಯುವುದಕ್ಕೆ ಏನೋ ಸಿಕ್ಕಿತು. ‘ನನ್ನ ವಾರಾಂತ್ಯ’ ಬೇಡ, ‘ಶನಿವಾರ ಮಧ್ಯಾಹ್ನ 3 ಗಂಟೆಗೆ ನಿಮ್ಮ ಸುತ್ತ ಏನು ಸದ್ದು ಕೇಳುತ್ತಿತ್ತು?’ ಎಂದು ಕೇಳಿ. ಒಂಟಿಯಾಗಿದ್ದವರಿಗೆ ವಾರಾಂತ್ಯದ ಪ್ರಶ್ನೆ ಚುಚ್ಚುತ್ತದೆ. ಸದ್ದಿನ ಪ್ರಶ್ನೆಗೆ ಕೋಣೆಯ ಫ್ರಿಜ್ಜಿನ ಗುಂಯ್ ಎನ್ನುವ ಸದ್ದೂ ಒಳ್ಳೆಯ ಉತ್ತರವೇ.

ಸಿಕ್ಕಾಪಟ್ಟೆ ಫಸಲು ಕೊಡುವ ಹೊಲ ಅಂದರೆ ಬೈತೊ. ಜರ್ಮನ್ ಮೂಲದ ಅರುಬೈತೊ ಪದದ ಗಿಡ್ಡ ರೂಪ, ವಿದ್ಯಾರ್ಥಿಗಳ ಅರೆಕಾಲಿಕ ಕೆಲಸ. ಕೊನ್ಬಿನಿ ಎನ್ನುವ ದಿನಬಳಕೆ ಸಾಮಾನಿನ ಅಂಗಡಿ, ಇಜಾಕಾಯಾ ಎನ್ನುವ ಪಬ್, ಟ್ಯೂಷನ್ ಕೇಂದ್ರ, ಎಲ್ಲ ಕಡೆ ಇವರೇ. ‘ಇವತ್ತಿನವರೆಗೆ ಬಂದ ಅತಿ ವಿಚಿತ್ರ ಗಿರಾಕಿ’, ‘ತೆಂಚೋ, ಅಂದರೆ ಅಂಗಡಿಯ ಮ್ಯಾನೇಜರ್‌ಗೆ ಹೇಳಬೇಕೆಂದಿದ್ದರೂ ಹೇಳದೆ ಬಿಟ್ಟ ಮಾತು’. ಈ ಎರಡನೆಯದಕ್ಕೆ ಬಂದ ಉತ್ತರಗಳನ್ನು ಓದಿ ನಾನು ಸ್ಟಾಫ್ ರೂಮಿನಲ್ಲಿ ಒಬ್ಬಂಟಿಯಾಗಿ ನಕ್ಕಿದ್ದೇನೆ. ಬೈತೊ ಇಲ್ಲದವರಿಗೆ ಅದೇ ಪ್ರಶ್ನೆಯನ್ನು ಗಿರಾಕಿಯ ಕಡೆಯಿಂದ ಕೇಳಿ.

ಊಟದ ಪ್ರಶ್ನೆಗಳು ಹಳಸಲು ಅನ್ನಿಸಬಹುದು. ಆದರೆ ‘ಜಪಾನಿನ ಆಹಾರ’ ಎಂದು ಕೇಳಿದರೆ ಮಾತ್ರ ಹಳಸಲು. ಹೊಸ ವರ್ಷದ ಒಜೋನಿ ಸಾರಿನಲ್ಲಿ ನಿಮ್ಮ ಮನೆಯಲ್ಲಿ ಏನೇನು ಹಾಕುತ್ತಾರೆ ಎಂದು ಕೇಳಿ ನೋಡಿ. ಅಂಟಕ್ಕಿಯನ್ನು ಕುಟ್ಟಿ ಮಾಡುವ ಮೋಚಿ ಪೂರ್ವದ ಕಡೆ ಚೌಕ, ಪಶ್ಚಿಮದ ಕಡೆ ದುಂಡು. ಟೋಕಿಯೊ ಕಡೆ ತಿಳಿಸಾರು, ಕ್ಯೋಟೊ ಕಡೆ ಬಿಳಿ ಮಿಸೊ, ಅಂದರೆ ಹುದುಗು ಬರಿಸಿದ ಸೋಯಾ ಮುದ್ದೆ, ಬೆರೆಸಿದ ಸಾರು. ಕಾಗಾವಾದಲ್ಲಿ ಬಿಳಿ ಮಿಸೊ ಸಾರಿನೊಳಗೆ ಸಿಹಿ ಹೂರಣ ತುಂಬಿದ ಮೋಚಿ ಹಾಕುತ್ತಾರೆ. ನಗೋಯಾ ಈ ಎರಡು ಸೀಮೆಗಳ ನಡುವೆ ಕುಳಿತಿದೆ, ಹಾಗಾಗಿ ನಿಮ್ಮ ಒಂದೇ ಕ್ಲಾಸಿನಲ್ಲಿ ನಾಲ್ಕೈದು ಬಗೆ ಸಿಗುತ್ತವೆ. ಕಾಗಾವಾದ ಹುಡುಗಿ ಬರೆದದ್ದನ್ನು ಓದಿದ ನಗೋಯಾದ ಹುಡುಗ, ಸಾರಿನಲ್ಲಿ ಸಿಹಿಯಾ, ನಿಜವಾಗಲೂ ತಿನ್ನುತ್ತೀರಾ, ಎಂದು ಕೇಳದೆ ಇರಲಾರ. ಅಲ್ಲಿಂದ ಮಾತು ಶುರು.

ಇನ್ನೊಂದು ದಾರಿ ನಿಮಗೇ ವಿಶೇಷವಾಗಿ ಸಿಗುವಂಥದ್ದು. ನಿಮಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳಿ. ಕಸ ಬೇರೆ ಮಾಡುವ ನಿಯಮ, ಸ್ಟೇಷನ್ನಿನಲ್ಲಿ ಯಾವ ಕಡೆ ನಿಲ್ಲಬೇಕು, ಪಕ್ಕದ ಮನೆಯವರು ಕಿತ್ತಳೆ ಕೊಟ್ಟರೆ ವಾಪಸ್ ಏನು ಕೊಡಬೇಕು. ಉತ್ತರ ಮೊದಲೇ ಗೊತ್ತಿರುವ ಅಧ್ಯಾಪಕರು ಕೇಳುವುದಕ್ಕೂ, ಗೊತ್ತಿಲ್ಲದ ಹೊರಗಿನವರು ಕೇಳುವುದಕ್ಕೂ ಇರುವ ವ್ಯತ್ಯಾಸ ಹದಿನೆಂಟರ ಹುಡುಗರಿಗೆ ಥಟ್ಟನೆ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ವಾರ ವಾರವೂ ಇದನ್ನೇ ಮಾಡಿದರೆ ಅವರನ್ನು ಜಪಾನಿನ ರಾಯಭಾರಿಗಳನ್ನಾಗಿ ನಿಲ್ಲಿಸಿದ ಹಾಗಾಗುತ್ತದೆ. ಆಗಾಗ ನೀವೂ ಉತ್ತರ ಕೊಡಿ. ಶಿವಮೊಗ್ಗದ ಮಳೆ, ಮನೆಯಲ್ಲಿ ಮಾಡುವ ಕಡುಬು, ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುವ ‘ಯಾವೂರು, ಏನ್ ಕೆಲಸ’ ಇತ್ಯಾದಿ. ಗುರುತೇ ಇಲ್ಲದವರು ಬಸ್ಸಿನಲ್ಲಿ ಹೀಗೆ ವಿಚಾರಿಸುತ್ತಾರೆ ಎಂದರೆ ಅವರು ನಂಬುವುದಿಲ್ಲ.

ದೂರ ಇಡಬೇಕಾದ ವಿಷಯಗಳೂ ಇವೆ. ‘ನಿಮ್ಮ ತಂದೆ ತಾಯಿ’, ‘ಮರೆಯಲಾಗದ ದಿನ’ ಇವನ್ನು ಕಡ್ಡಾಯ ಮಾಡಬೇಡಿ. ಒಜೋನಿ ಪ್ರಶ್ನೆಯಂಥ ನಿರುಪದ್ರವಿ ಪ್ರಶ್ನೆಯೂ ಒಮ್ಮೊಮ್ಮೆ ನೋಯಿಸುತ್ತದೆ. 2024ರ ಜನವರಿ 1ರಂದೇ ಇಶಿಕಾವಾ ಪ್ರಾಂತ್ಯದ ನೋತೊದಲ್ಲಿ ಭೂಕಂಪವಾಯಿತು. ಇಶಿಕಾವಾದಿಂದ ಬಂದ ವಿದ್ಯಾರ್ಥಿಗೆ ಹೊಸ ವರ್ಷ ಎಂದರೆ ನೆನಪಾಗುವುದು ಬೇರೆಯೇ ಇರಬಹುದು. ಅದಕ್ಕೇ ನಾನು ಯಾವಾಗಲೂ ಎರಡು ಪ್ರಶ್ನೆ ಕೊಡುತ್ತಿದ್ದೆ, ಒಂದನ್ನು ಆರಿಸಿಕೊಳ್ಳಿ ಎಂದು. ಜೊತೆಗೆ ಮೊದಲ ದಿನವೇ ಹೇಳಿಬಿಡುತ್ತಿದ್ದೆ: ಸುಳ್ಳು ಬರೆಯಬಹುದು. ಇಲ್ಲಿ ಪರೀಕ್ಷೆ ನಿಮ್ಮ ಇಂಗ್ಲಿಷಿಗೆ, ನಿಮ್ಮ ಬದುಕಿಗಲ್ಲ. ಆ ಮಾತು ಕೇಳಿದ ಮೇಲೆ ಕೆಲವರು ಹಾಯಾಗಿ ಕಥೆ ಕಟ್ಟುತ್ತಾರೆ. ಇನ್ನು ಕೆಲವರು, ವಿಚಿತ್ರ ನೋಡಿ, ನಿಜ ಬರೆಯಲು ಶುರು ಮಾಡುತ್ತಾರೆ.

ಕನ್ನಡದವರಾದ ನಿಮಗೆ ಒಂದು ಅನುಕೂಲ ಇದೆ. ಅದನ್ನು ಬಳಸಿಕೊಳ್ಳಿ. ಜಪಾನಿಯಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಯಂಥವು ನಾಮಪದದ ಹಿಂದೆ ಅಂಟುತ್ತವೆ, ‘ನಾನು’ ಎನ್ನುವುದನ್ನು ಹೇಳದೆಯೂ ಬಿಡಬಹುದು. ಹೋಟೆಲಿನಲ್ಲಿ ನಾವು ‘ನಂದು ಮಸಾಲೆ ದೋಸೆ’ ಅನ್ನುತ್ತೇವೆ. ಅವರು ‘ಬೊಕು ವಾ ಉನಾಗಿ ದಾ’ ಅನ್ನುತ್ತಾರೆ, ಉನಾಗಿ ಎಂದರೆ ಹಾವುಮೀನು. ಅದನ್ನು ಹಾಗೇ ಇಂಗ್ಲಿಷಿಗಿಳಿಸಿದರೆ ‘ನಾನು ಹಾವುಮೀನು’ ಎಂದಾಗುತ್ತದೆ. ಬರೀ ಇಂಗ್ಲಿಷ್ ಬಲ್ಲ ಅಧ್ಯಾಪಕರಿಗೆ ನಗು ಬರುತ್ತದೆ. ನಿಮಗೆ ಅದು ಎಲ್ಲಿಂದ ಹುಟ್ಟಿತು ಎಂದು ಕಾಣುತ್ತದೆ. ಇಂಗ್ಲಿಷ್ ಪದಗಳ ವೇಷಗಳನ್ನೂ ಗಮನಿಸಿ. ‘ಟೆನ್ಷನ್ ಜಾಸ್ತಿಯಾಯಿತು’ ಎಂದರೆ ನಮಗೆ ಚಿಂತೆ. ಅವರ ತೆನ್ಷೊನ್ ಏರಿದರೆ ಖುಷಿ, ಹುರುಪು. ‘ಮ್ಯಾನ್ಷನ್’ನಲ್ಲಿ ಇದ್ದೇನೆ ಎಂದರೆ ಅಪಾರ್ಟ್‌ಮೆಂಟಿನಲ್ಲಿ ಇದ್ದಾನೆ, ಅರಮನೆಯಲ್ಲಿ ಅಲ್ಲ. ‘ಗೆಳೆಯರ ಜೊತೆ ಆಡಿದೆ’ ಎಂದರೆ ಸುತ್ತಾಡಿದೆ ಎಂದರ್ಥ. ಈ ಟೆನ್ಷನ್ ಕಥೆಯನ್ನೇ ಒಂದು ದಿನದ ಪ್ರಶ್ನೆ ಮಾಡಬಹುದು: ನಮ್ಮೂರಿನಲ್ಲಿ ಹೀಗೆ, ನಿಮ್ಮಲ್ಲಿ ಹೇಗೆ?

ಇನ್ನು ಬರೆಸುವ ವಿಧಾನ. ಮೂರು ದಾರಿ ನಾನು ಬಳಸಿದ್ದೇನೆ, ಮೂರಕ್ಕೂ ತೊಡಕಿದೆ.

ಮೊದಲನೆಯದು ಹತ್ತು ನಿಮಿಷದ ಓಟ. ನಿಲ್ಲಿಸಬಾರದು, ಅಳಿಸಬಾರದು, ಡಿಕ್ಷನರಿ ನೋಡಬಾರದು. ಕೊನೆಗೆ ಪದ ಎಣಿಸಿ ಒಂದು ಗ್ರಾಫಿನಲ್ಲಿ ಗುರುತು ಹಾಕಬೇಕು. ನ್ಯೂಜಿಲೆಂಡಿನ ಭಾಷಾ ವಿದ್ವಾಂಸ ಪಾಲ್ ನೇಷನ್ ಭಾಷಾ ಕ್ಲಾಸಿನ ಸಮಯದಲ್ಲಿ ಕಾಲು ಭಾಗ, ಗೊತ್ತಿರುವುದನ್ನೇ ಸಲೀಸು ಮಾಡಿಕೊಳ್ಳುವುದಕ್ಕೆ ಮೀಸಲಿರಬೇಕು ಎನ್ನುತ್ತಾರೆ. ಇದು ಆ ಜಾತಿಯ ಕೆಲಸ. ನನ್ನ ಕ್ಲಾಸುಗಳಲ್ಲಿ ಏಪ್ರಿಲ್‌ನಲ್ಲಿ 50 ಪದಕ್ಕೆ ಏದುಸಿರು ಬಿಟ್ಟವರು ಜುಲೈ ಹೊತ್ತಿಗೆ 90, 100 ಮುಟ್ಟಿದ್ದಾರೆ. ತೊಡಕು ಏನೆಂದರೆ ಎಣಿಕೆಯ ಆಟ ಬೇಗ ಅರ್ಥವಾಗುತ್ತದೆ. ‘ವೆರಿ ವೆರಿ ವೆರಿ’ ಎಂದು ಹಿಗ್ಗಿಸುತ್ತಾರೆ. ಆ ಸಂಖ್ಯೆಗೆ ಅಂಕ ಕೊಡದಿದ್ದರೆ ಅದು ತಾನಾಗಿ ಕಡಿಮೆಯಾಗುತ್ತದೆ.

ಎರಡನೆಯದು ನನಗೆ ಇಷ್ಟವಾದದ್ದು, ಮೌನದ ಮಾತುಕತೆ. ಇಬ್ಬರ ನಡುವೆ ಒಂದೇ ಹಾಳೆ. ಒಬ್ಬರು ನಾಲ್ಕು ಸಾಲು ಬರೆದು ಪ್ರಶ್ನೆಯಿಂದ ಮುಗಿಸಿ ದಾಟಿಸಬೇಕು, ಇನ್ನೊಬ್ಬರು ಉತ್ತರ ಬರೆದು ವಾಪಸ್ ದಾಟಿಸಬೇಕು. ಇಪ್ಪತ್ತೈದು ನಿಮಿಷ ಯಾರೂ ಬಾಯಿ ಬಿಡುವಂತಿಲ್ಲ. ಕ್ಲಾಸಿನಲ್ಲಿ ಪೆನ್ನಿನ ಸದ್ದು, ನಡುನಡುವೆ ತಡೆಯಲಾಗದ ನಗು. ಎದುರಿಗೇ ಓದುಗ ಕೂತಿದ್ದಾನೆ, ಅರ್ಥವಾಗದಿದ್ದರೆ ಅವನ ಹುಬ್ಬು ಗಂಟಾಗುತ್ತದೆ. ನನ್ನ ಯಾವ ಕೆಂಪು ಗೆರೆಯೂ ಅಷ್ಟು ಚುರುಕಾಗಿ ತಿದ್ದಿಲ್ಲ. ತೊಡಕುಗಳು: ಮೂಲೆಯಲ್ಲಿ ಜಪಾನಿ ಅಕ್ಷರ ನುಸುಳುತ್ತವೆ. ಜೋಡಿಯಲ್ಲಿ ಒಬ್ಬರು ತೀರಾ ನಿಧಾನವಿದ್ದರೆ ಇನ್ನೊಬ್ಬರು ಕಿಟಕಿ ನೋಡುತ್ತಾರೆ. ಜೋಡಿಯನ್ನು ನೀವೇ ಮಾಡಿ. ‘ಗೆಳೆಯರನ್ನು ಆರಿಸಿಕೊಳ್ಳಿ’ ಎಂದರೆ ಆ ಹುಡುಗಿ ಮತ್ತೆ ಒಬ್ಬಳೇ ಉಳಿಯುತ್ತಾಳೆ.

ಮೂರನೆಯದು ವಿದ್ಯಾರ್ಥಿ ಮತ್ತು ಅಧ್ಯಾಪಕರ ನಡುವೆ ಓಡಾಡುವ ನೋಟ್‌ಬುಕ್. ಲಾಸ್ ಏಂಜಲೀಸ್‌ನ ಲೆಸ್ಲಿ ರೀಡ್ ಎಂಬ ಶಾಲಾ ಶಿಕ್ಷಕಿ ವರ್ಷಗಟ್ಟಲೆ ನಡೆಸಿ ಹೆಸರು ತಂದ ಪದ್ಧತಿ. ಮಕ್ಕಳು ಬರೆಯುತ್ತಾರೆ, ನೀವು ತಿದ್ದುವುದಿಲ್ಲ, ಉತ್ತರ ಬರೆಯುತ್ತೀರಿ. ಇದರಷ್ಟು ಒಳ್ಳೆಯದು ಮತ್ತೊಂದಿಲ್ಲ. ಆದರೆ ನಿಮ್ಮ ಲೆಕ್ಕ ಹಾಕಿ: 120 ನೋಟ್‌ಬುಕ್, ಒಂದಕ್ಕೆ 3 ನಿಮಿಷವೆಂದರೂ 6 ಗಂಟೆ. ನಿಮ್ಮಂಥ ಅರೆಕಾಲಿಕ ಅಧ್ಯಾಪಕರಿಗೆ ಸಂಬಳ ಸಿಗುವುದು ಕೊಮಾ ಲೆಕ್ಕದಲ್ಲಿ, ಅಂದರೆ ತೆಗೆದುಕೊಂಡ ಕ್ಲಾಸಿಗೆ. ಆ 6 ಗಂಟೆಗೆ ಯಾರೂ ಕಾಸು ಕೊಡುವುದಿಲ್ಲ. ವಾರಕ್ಕೆ ಒಂದೇ ಕ್ಲಾಸಿನ 30 ತೆಗೆದುಕೊಳ್ಳಿ, ಸರದಿಯಲ್ಲಿ. ಉಳಿದ ಮೂರು ಕ್ಲಾಸಿಗೆ ಆ ವಾರ ಪರಸ್ಪರ ಬರೆಯುವ ಕೆಲಸ. ಇದರ ಇನ್ನೊಂದು ತೊಡಕು ನಿಮಗೀಗಲೇ ಗೊತ್ತು: ನೋಟ್‌ಬುಕ್ಕಿನಲ್ಲಿ ಮನಸ್ಸು ಬಿಚ್ಚುತ್ತಾರೆ. ಅದಕ್ಕೆ ಮೇಲೆ ಹೇಳಿದ ಸಲಹಾ ಕೊಠಡಿಯ ವಿವರ ಕೈಯಲ್ಲಿರಲಿ.

ತಿದ್ದುವ ಬಗ್ಗೆ. ಎಲ್ಲ ತಪ್ಪನ್ನೂ ತಿದ್ದದಿದ್ದರೆ ತಪ್ಪು ಗಟ್ಟಿಯಾಗಿಬಿಡುತ್ತದೆ ಎಂಬ ಭಯ ನಮ್ಮೆಲ್ಲರಿಗೂ ಇದೆ. 1996ರಲ್ಲಿ ಜಾನ್ ಟ್ರಸ್ಕಾಟ್ ಎಂಬ ಭಾಷಾ ಸಂಶೋಧಕರು ವ್ಯಾಕರಣ ತಿದ್ದುವುದನ್ನೇ ಬಿಟ್ಟುಬಿಡಿ, ಅದರಿಂದ ಪ್ರಯೋಜನವಿಲ್ಲ ಎಂದು ವಾದಿಸಿದರು. ಡಾನಾ ಫೆರಿಸ್ ಎಂಬ ಇನ್ನೊಬ್ಬ ಸಂಶೋಧಕಿ ಎದುರು ವಾದ ಹೂಡಿದರು. ಜಗಳ ಇನ್ನೂ ಮುಗಿದಿಲ್ಲ. ನಾನು ನಡುವೆ ನಿಂತಿದ್ದೇನೆ. ಮಾತುಕತೆಯ ಬರವಣಿಗೆಯಲ್ಲಿ ತಿದ್ದುವುದಿಲ್ಲ, ಉತ್ತರ ಬರೆಯುವಾಗ ಸರಿಯಾದ ರೂಪವನ್ನು ಸುಮ್ನೆ ಬಳಸುತ್ತೇನೆ. ‘ನಿನ್ನೆ ಗೆಳೆಯರ ಜೊತೆ ಆಡಿದೆ’ ಎಂದವನಿಗೆ ‘ಎಲ್ಲಿ ಸುತ್ತಾಡಿದಿರಿ?’ ಎಂದು ಕೇಳಿದ ಹಾಗೆ. ವಾರಕ್ಕೊಂದು ತಪ್ಪು, ಎಲ್ಲರ ಹಾಳೆಯಲ್ಲೂ ಕಂಡದ್ದು, ಹೆಸರಿಲ್ಲದೆ ಬೋರ್ಡ್ ಮೇಲೆ ಐದು ನಿಮಿಷ. ತಿದ್ದಲೇಬೇಕಾದ ಬರಹ ಸೆಮಿಸ್ಟರಿಗೆ ಎರಡು ಇಟ್ಟುಕೊಂಡು ಅವನ್ನು ಕೂಲಂಕಷವಾಗಿ ತಿದ್ದುತ್ತೇನೆ.

ಆ ರೈಟ್ ಮಾರ್ಕ್ ಮಾತ್ರ ಇವತ್ತೇ ನಿಲ್ಲಿಸಿ! ಜಪಾನಿನ ಶಾಲೆಯಲ್ಲಿ ಸರಿ ಎನ್ನಲು ದುಂಡಗೆ ಸೊನ್ನೆ ಸುತ್ತುತ್ತಾರೆ. ನಮ್ಮ ರೈಟ್ ಗುರುತು ಅಲ್ಲಿ ಸಾಮಾನ್ಯವಾಗಿ ‘ಇದು ತಪ್ಪು, ನೋಡಿಕೋ’ ಎನ್ನುವುದಕ್ಕೆ. ನಮ್ಮಲ್ಲಿ ಸೊನ್ನೆ ಸುತ್ತಿದರೆ ಎದೆ ಧಸಕ್ ಅನ್ನುತ್ತದೆ, ಅಲ್ಲಿ ಅದೇ ಶಹಭಾಸ್. ನೀವು ಮೆಚ್ಚಿದ ಸಾಲಿಗೆಲ್ಲ ರೈಟ್ ಹಾಕುತ್ತಾ ಬಂದಿದ್ದೀರಿ. ಕೆಲವರು ತಮ್ಮ ಅತ್ಯುತ್ತಮ ಸಾಲೇ ತಪ್ಪು ಎಂದುಕೊಂಡು ಅಂಥದ್ದನ್ನು ಬರೆಯುವುದನ್ನೇ ಬಿಟ್ಟಿರಬಹುದು. ಕ್ಲಾಸಿನಲ್ಲಿ ಇದನ್ನು ನೀವೇ ಹೇಳಿ ನಕ್ಕುಬಿಡಿ. ಮೊದಲ ವರ್ಷ ನನಗೂ ಇದು ಗೊತ್ತಿರಲಿಲ್ಲ, ಒಬ್ಬ ವಿದ್ಯಾರ್ಥಿನಿ ಡಿಸೆಂಬರ್‌ನಲ್ಲಿ ಮೆಲ್ಲಗೆ ಬಂದು ಕೇಳಿದಳು. ಅಂದ ಹಾಗೆ, ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯಬೇಡಿ. ಅಲ್ಲಿ ಅದು ಅಶುಭ.

ಮೆಷಿನ್ ವಿಷಯ ಬೇಗ ಮುಗಿಸುತ್ತೇನೆ. ಹಿಡಿಯಲು ಹೋಗಬೇಡಿ. ಯಂತ್ರ ಬರೆದದ್ದನ್ನು ಪತ್ತೆ ಮಾಡುವ ಸಾಧನವನ್ನು ಓಪನ್‌ಎಐ ಕಂಪನಿ ತಾನೇ ತಂದು, ನಿಖರತೆ ಸಾಲದು ಎಂದು 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಪ್ರಾಮಾಣಿಕ ವಿದ್ಯಾರ್ಥಿಯ ಮೇಲೆ ಒಮ್ಮೆ ಸುಳ್ಳು ಆಪಾದನೆ ಬಂದರೆ ಆ ಕ್ಲಾಸಿನಲ್ಲಿ ಮತ್ತೆ ಯಾರೂ ನಿಮಗೆ ಬರೆಯುವುದಿಲ್ಲ. ಮಾತುಕತೆಯ ಬರವಣಿಗೆ ಕ್ಲಾಸಿನಲ್ಲೇ, ಕೈಬರಹದಲ್ಲಿ ನಡೆಯಲಿ. 90 ನಿಮಿಷದಲ್ಲಿ 25 ನಿಮಿಷ ಅದಕ್ಕೆ ಕೊಡಿ. ಮನೆಯಲ್ಲಿ ಬೇಕಾದರೆ ಮೆಷಿನ್ ಬಳಸಲಿ. ‘ನಿಮಗೆ ಹೇಳಲು ಬಾರದೇ ಹೋದ ಒಂದೇ ಒಂದು ವಾಕ್ಯವನ್ನು ಅದಕ್ಕೆ ಕೇಳಿ ತನ್ನಿ, ಅದು ಕೊಟ್ಟದ್ದು ನಿಮ್ಮ ಮಾತಿನ ಹಾಗಿದೆಯೇ ಎಂದು ಬರೆಯಿರಿ’ ಎಂದು ಕೊಡಿ. ಆದರೂ ಕೆಲವರು ಪೂರ್ತಿ ಅದರಿಂದಲೇ ಬರೆಸಿಕೊಂಡು ಬರುತ್ತಾರೆ, ಅದು ಇದ್ದದ್ದೇ.

ಸೋಮವಾರಕ್ಕೆ ಏನು ಮಾಡಲಿ ಎಂದು ನೀವು ಕೇಳುವ ಮುಂಚೆ ನಾನೇ ಹೇಳುತ್ತೇನೆ. ಚೀಟಿ ಮೊದಲು. ಆಮೇಲೆ ಕ್ಲಾಸಿಗೆ ಹೋಗಿ ರೈಟ್ ಮಾರ್ಕಿನ ಕಥೆ ಹೇಳಿ. ಜೋಡಿಗಳನ್ನು ಮನೆಯಲ್ಲೇ ಪಟ್ಟಿ ಮಾಡಿಕೊಂಡಿರಿ. ಆ ಹುಡುಗಿಯ ಪಕ್ಕದಲ್ಲಿ ನಿಧಾನದ, ನಗುಮುಖದ ಒಬ್ಬರನ್ನು ಕೂರಿಸಿ. ಬೋರ್ಡ್ ಮೇಲೆ ಎರಡು ಪ್ರಶ್ನೆ: ಅಣಬೆಯೋ ಕಳಲೆಯೋ, ಅಥವಾ ನಿಮ್ಮ ಮನೆಯ ತಮಾಗೊಯಾಕಿ ಸಿಹಿಯೋ ಅಲ್ಲವೋ. ಎರಡು ತಿಂಡಿಯ ಡಬ್ಬಿಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಆದರೆ ಬರೆದು ಮುಗಿಯುವವರೆಗೆ ತೆರೆಯಬೇಡಿ.